1984ರಲ್ಲೇ ಸಿಕ್ಕಿಬಿದ್ದಿದ್ದ ಸರಣಿ ಹಂತಕ ಚಿಕಟಿಲೊನನ್ನು ಪೊಲೀಸರು ಬಿಟ್ಟಿದ್ದೇಕೆ?

ರಕ್ತದ ಗುಂಪು ತಾಳೆಯಾಗಲಿಲ್ಲ, ಅದಕ್ಕೇ. ಸೋವಿಯತ್ ರಷ್ಯಾದ ರೊಸ್ತೋವ್‌ನಲ್ಲಿ ಆಂದ್ರೇ ಚಿಕಟಿಲೊ ಸಿಕ್ಕಾಗ ಅವನ ಚೀಲದಲ್ಲಿ ಚಾಕು, ಹಗ್ಗ, ವ್ಯಾಸಲೀನ್ ಇದ್ದವು. ಆದರೆ ಅವನ ರಕ್ತ 'ಎ' ಗುಂಪು. ಶವಗಳ ಮೇಲಿನ ವೀರ್ಯದ ಪರೀಕ್ಷೆ 'ಎಬಿ' ಎಂದಿತ್ತು. ಡಿಎನ್‌ಎ ಪರೀಕ್ಷೆ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ರಕ್ತ, ವೀರ್ಯ ಬೇರೆ ಗುಂಪಿನವಾಗಿರಬಹುದು ಎಂದು ಆಮೇಲೆ ಸಮಜಾಯಿಷಿ ಕೊಟ್ಟರು. ಪ್ರಯೋಗಾಲಯದ ಎಡವಟ್ಟು ಎನ್ನುವುದೇ ನಂಬುವ ಮಾತು.

ಕೊನೆಗೆ ಹಿಡಿದುಕೊಟ್ಟಿದ್ದು ರೈಲು ನಿಲ್ದಾಣಗಳ ಕಾವಲು. 1990ರ ನವೆಂಬರ್ 6ರಂದು ದೊನ್‌ಲೆಸ್‌ಖೋಜ್ ನಿಲ್ದಾಣದ ಬಳಿ ಅವನು ಕಾಡಿನಿಂದ ಬಂದ: ಕೆನ್ನೆಯಲ್ಲಿ ಕೆಂಪು ಕಲೆ, ಬೆರಳಿಗೆ ಗಾಯ. ಪೊಲೀಸ್ ಪೇದೆ ಹೆಸರು ಬರೆದುಕೊಂಡು ಬಿಟ್ಟ. ಹತ್ತಿರದಲ್ಲೇ ಶವ ಸಿಕ್ಕಾಗ ಆ ಚೀಟಿ ಕೆಲಸಕ್ಕೆ ಬಂತು. ನವೆಂಬರ್ 20ರಂದು ಬಂಧನ. 1992ರಲ್ಲಿ 52 ಕೊಲೆ ಸಾಬೀತಾಗಿ, 1994ರಲ್ಲಿ ಗುಂಡಿಕ್ಕಿ ಮರಣದಂಡನೆ.