ಪಾರ್ಕಿನ ವಿಡಿಯೋ ಗೇಮಿಗೆ ದೊಡ್ಡ ಪರದೆ ಬೇಕೇ?

ರಾಯಚೂರಿನ ನಿಮ್ಮ ಬಡಾವಣೆಯ ಪಾರ್ಕಿನಲ್ಲಿ ಓಡಾಡಿ ಆಡುವ ವಿಡಿಯೋ ಗೇಮ್ ಹಾಕಬೇಕು, ದೊಡ್ಡ ಎಲ್‌ಇಡಿ ಪರದೆ ಬೇಕಾ, ಪ್ರೊಜೆಕ್ಟರ್ ಸಾಕಾ ಅಂತ ಕೇಳಿದ್ದೀರಿ. ಪ್ರೊಜೆಕ್ಟರ್ ಸಾಕು ಸರ್. ನಮ್ಮ ಬಿಸಿಲಿಗೆ ಹಗಲು ಅದರ ಚಿತ್ರ ಕಾಣುವುದಿಲ್ಲ, ನಿಜ. ಆದರೆ ಮೇ ತಿಂಗಳ ಮಧ್ಯಾಹ್ನ ಪಾರ್ಕಿಗೆ ಬರುವವರು ಯಾರು? ಕತ್ತಲಾದ ಮೇಲೇ ಅಲ್ವಾ ಜನ ಸೇರೋದು.

ಪರದೆಯೇ ಬೇಡದ ಆಟವೂ ಇದೆ, ಜೋಹಾನ್ ಸೆಬಾಸ್ಟಿಯನ್ ಜೌಸ್ಟ್ ಅಂತ. ಎಲ್ಲರ ಕೈಯಲ್ಲೂ ಒಂದೊಂದು ಪ್ಲೇಸ್ಟೇಷನ್ ಮೂವ್ ಕಂಟ್ರೋಲರ್, ಅಂದರೆ ಕೈಯ ಅಲುಗಾಟ ಗುರುತಿಸುವ ಪುಟ್ಟ ಕೋಲು, ತುದಿಯಲ್ಲಿ ಬಣ್ಣದ ದೀಪ. ಅದು ಜೋರಾಗಿ ಅಲುಗಿದರೆ ಔಟ್. ನಿಮ್ಮದನ್ನು ಅಲುಗದಂತೆ ಹಿಡಿದುಕೊಂಡೇ ಎದುರಿನವರ ಕೈ ತಟ್ಟಬೇಕು. ಆಟದ ಜೊತೆ ಸಂಗೀತ ನುಡಿಯುತ್ತಿರುತ್ತದೆ. ಅದು ನಿಧಾನವಾಗಿದ್ದಾಗ ಸಣ್ಣ ಕುಲುಕಿಗೂ ಔಟ್. ವೇಗ ಹೆಚ್ಚಿದಾಗ ನುಗ್ಗಬಹುದು. ಕಣ್ಣು ಗೋಡೆಯ ಮೇಲಲ್ಲ, ಒಬ್ಬರ ಮೇಲೊಬ್ಬರದು. ಸುಮ್ನೆ ನಿಂತು ನೋಡುವವರಿಗೂ ಏನು ನಡೀತಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಅದಕ್ಕೇ ಪರದೆಯ ದುಡ್ಡನ್ನು ನೆಲಕ್ಕೆ, ಕಟ್ಟೆಗೆ ಹಾಕಿ ಅನ್ನುತ್ತೇನೆ. ನುಣ್ಣಗೆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು ಬೇಡ, ನೀರು ಬಿದ್ದರೆ ಜಾರುತ್ತದೆ. ಒರಟು ಕಾಂಕ್ರೀಟ್ ಸಾಕು, ಅಂಚಿನಲ್ಲಿ ಮೆಟ್ಟಿಲು ಬೇಡ. ಮೂರು ಕಡೆ ಕೂರುವ ಕಟ್ಟೆ ಇರಲಿ. ಹೆಣ್ಣುಮಕ್ಕಳು, ಹಿರಿಯರು ಮೊದಲು ಅಲ್ಲಿ ಕೂತು ನೋಡುತ್ತಾರೆ, ಆಮೇಲೆ ಆಟಕ್ಕೆ ಇಳಿಯುತ್ತಾರೆ. ಒಂದು ಸುತ್ತು ಎರಡು ನಿಮಿಷ ದಾಟಬಾರದು, ಇಲ್ಲದಿದ್ದರೆ ದೊಡ್ಡ ಹುಡುಗರು ಜಾಗ ಬಿಡುವುದಿಲ್ಲ.

ಗೋಡೆಯ ಆಟವೇ ಬೇಕೆಂದರೆ ಬರ್ಲಿನ್ ನೋಡಿ. 2001ರಲ್ಲಿ ಅಲ್ಲಿನ ಒಂದು ಕಟ್ಟಡದ 144 ಕಿಟಕಿಗಳ ಹಿಂದೆ ದೀಪ ಇಟ್ಟು, ಜನರಿಗೆ ಮೊಬೈಲ್‌ನಿಂದಲೇ ಪಾಂಗ್ ಅನ್ನೋ ಚೆಂಡಾಟದ ಹಳೇ ವಿಡಿಯೋ ಗೇಮ್ ಆಡಿಸಿದ್ದರು.

ಕಂಟ್ರೋಲರ್ ಚಾರ್ಜ್ ಮಾಡಿ, ಸಂಜೆ ಕೊಟ್ಟು, ರಾತ್ರಿ ಎಣಿಸಿ ವಾಪಸ್ ಪಡೆಯುವವರು ಯಾರು? ಅದು ತೀರ್ಮಾನವಾಗುವವರೆಗೆ ಏನನ್ನೂ ಖರೀದಿಸಬೇಡಿ.