‘ಅಮೆರಿಕದಲ್ಲಿ ವ್ಯಕ್ತಿಸ್ವಾತಂತ್ರ್ಯ’ ಲೇಖನದ ಬಗ್ಗೆ: ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನೀವು ಕಳಿಸಿದ ‘ಅಮೆರಿಕದಲ್ಲಿ ವ್ಯಕ್ತಿಸ್ವಾತಂತ್ರ್ಯ’ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೂ ವಿಷಯದ ಬಗ್ಗೆ ನಿಮಗಿರುವ ಕಾಳಜಿ ನಿಜವಾದದ್ದು, ಭಾಷೆಯ ಮೇಲೆ ಹಿಡಿತವೂ ಇದೆ. ಆದ್ದರಿಂದ ಎರಡು ಸಾಲಿನ ವಿಷಾದಪತ್ರ ಕಳಿಸುವ ಬದಲು, ಲೇಖನ ಎಲ್ಲಿ ಸೋತಿದೆ ಎಂಬುದನ್ನು ಬಿಚ್ಚಿ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಅರ್ಧ ಪೂರ್ತಿ ಪ್ರಶಂಸೆ: ಸ್ವಾತಂತ್ರ್ಯ ಘೋಷಣೆ, ನ್ಯೂಯಾರ್ಕ್ ಬಂದರಿನ ಪ್ರತಿಮೆ, ಪ್ರಜೆಗಳ ಹಕ್ಕುಗಳನ್ನು ಸಾರುವ ಸಂವಿಧಾನದ ಮೊದಲ ಹತ್ತು ತಿದ್ದುಪಡಿಗಳ ಪಟ್ಟಿ. ಎರಡನೆಯ ಅರ್ಧ ಪೂರ್ತಿ ಖಂಡನೆ: ಗುಲಾಮಗಿರಿ, ವರ್ಣಭೇದ, ಪೊಲೀಸರ ದೌರ್ಜನ್ಯ, ಗೂಢಚರ್ಯೆ, ಕೊನೆಗೆ ‘ಹಕ್ಕುಗಳು ಕಾಗದದ ಮೇಲಷ್ಟೇ’ ಎಂಬ ತೀರ್ಮಾನ. ಈ ಎರಡು ಭಾಗಗಳನ್ನು ಬೆಸೆಯುವ ಒಂದು ವಾಕ್ಯವೂ ಲೇಖನದಲ್ಲಿಲ್ಲ. ಅಮೆರಿಕವನ್ನು ಮೆಚ್ಚುವವರು ಮೊದಲರ್ಧವನ್ನೂ ಮೆಚ್ಚದವರು ಎರಡನೆಯರ್ಧವನ್ನೂ ಒಪ್ಪಿಕೊಂಡು, ತಾವು ಮೊದಲೇ ನಂಬಿದ್ದನ್ನೇ ನಂಬುತ್ತಾ ಪುಟ ತಿರುವುತ್ತಾರೆ. ಹಕ್ಕು ಎಂಬುದು ಯಾರ ಕೈಯಿಂದ, ಯಾವ ಸಂದರ್ಭದಲ್ಲಿ ತಪ್ಪಿಹೋಯಿತು, ಅದು ಮರಳಿ ಬಂದದ್ದು ಹೇಗೆ ಎಂಬುದನ್ನು ನೀವು ಎಲ್ಲಿಯೂ ತೋರಿಸಿಲ್ಲ. ಇಡೀ ಲೇಖನದಲ್ಲಿ ಒಬ್ಬ ಮನುಷ್ಯನ ಹೆಸರಿಲ್ಲ.

ಮಾಹಿತಿಯ ತಪ್ಪುಗಳನ್ನು ಮೊದಲು ಮುಗಿಸುತ್ತೇನೆ. 1791ರಲ್ಲಿ ಹತ್ತು ತಿದ್ದುಪಡಿಗಳು ಜಾರಿಗೆ ಬಂದಾಗಿನಿಂದ ಪ್ರತಿಯೊಬ್ಬ ಅಮೆರಿಕನ್ನನಿಗೂ ಎಲ್ಲ ಸರ್ಕಾರಗಳ ವಿರುದ್ಧ ರಕ್ಷಣೆ ಸಿಕ್ಕಿತೆಂದು ಬರೆದಿದ್ದೀರಿ. ಗುಲಾಮರಾಗಿದ್ದವರ ಮಾತು ಹಾಗಿರಲಿ, ಸ್ವತಂತ್ರ ಪ್ರಜೆಗಳ ಮಟ್ಟಿಗೂ ಇದು ನಿಜವಲ್ಲ. ಆ ತಿದ್ದುಪಡಿಗಳು ಕೇಂದ್ರ ಸರ್ಕಾರದ ಕೈಯನ್ನು ಮಾತ್ರ ಕಟ್ಟುತ್ತವೆ, ರಾಜ್ಯಗಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1833ರಲ್ಲಿ, ಬಾಲ್ಟಿಮೋರ್ ಬಂದರಿನ ಧಕ್ಕೆಯ ಮಾಲೀಕನೊಬ್ಬನ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿತ್ತು. ಅಂತರ್ಯುದ್ಧದ ಬಳಿಕ 1868ರಲ್ಲಿ ಬಂದ ಹದಿನಾಲ್ಕನೆಯ ತಿದ್ದುಪಡಿಯ ಆಧಾರದ ಮೇಲೆ, ಅದೂ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ, ಒಂದೊಂದೇ ಹಕ್ಕು ರಾಜ್ಯಗಳ ಮೇಲೂ ಬಂಧನಕಾರಿಯಾಗುತ್ತಾ ಬಂತು. ಇನ್ನು ಖಾಸಗಿ ಕಂಪನಿಯೊಂದು ನೌಕರನ ಮಾತಿಗಾಗಿ ಆತನನ್ನು ತೆಗೆದುಹಾಕಿದರೆ ಅದು ವಾಕ್ ಸ್ವಾತಂತ್ರ್ಯ, ಧರ್ಮಸ್ವಾತಂತ್ರ್ಯಗಳನ್ನು ಕಾಯುವ ಮೊದಲ ತಿದ್ದುಪಡಿಯ ಉಲ್ಲಂಘನೆ ಎಂಬ ನಿಮ್ಮ ಮಾತೂ ತಪ್ಪು. ಆ ತಿದ್ದುಪಡಿ ಸರ್ಕಾರವನ್ನು ತಡೆಯುತ್ತದೆಯೇ ಹೊರತು ಖಾಸಗಿಯವರನ್ನಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಲೇಖನದ ಐದನೆಯ ಪುಟದಲ್ಲಿ, ‘ಶಾಲೆಯಲ್ಲಿ ಧ್ವಜವಂದನೆ ಮಾಡದಿರುವ ಹಕ್ಕನ್ನೂ ಅಲ್ಲಿನ ಕೋರ್ಟು ಎತ್ತಿಹಿಡಿದಿದೆ’ ಎಂಬ ಒಂದು ವಾಕ್ಯವಿದೆ. ನೀವು ಬರೆಯಬೇಕಾದ ಲೇಖನ ಆ ಒಂದು ವಾಕ್ಯದಲ್ಲೇ ಇದೆ.

ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ 1935ರಲ್ಲಿ ಹನ್ನೆರಡು ವರ್ಷದ ಲಿಲಿಯನ್ ಮತ್ತು ಹತ್ತು ವರ್ಷದ ವಿಲಿಯಂ ಎಂಬ ಅಕ್ಕತಮ್ಮ ಧ್ವಜಕ್ಕೆ ವಂದಿಸಲು ನಿರಾಕರಿಸಿ ಶಾಲೆಯಿಂದ ಹೊರಬಿದ್ದರು. ಅವರ ಕುಟುಂಬ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥಕ್ಕೆ ಸೇರಿದ್ದು; ದೇವರಲ್ಲದ ಯಾವುದಕ್ಕೂ ವಂದಿಸಬಾರದೆಂಬುದು ಅವರ ನಂಬಿಕೆ. ಗೊಬೈಟಿಸ್ ಮೊಕದ್ದಮೆ ಎಂದು ಹೆಸರಾದ ಅವರ ದಾವೆ ಸುಪ್ರೀಂ ಕೋರ್ಟಿನಲ್ಲಿ 1940ರ ಜೂನ್ 3ರಂದು, ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಡಂಕರ್ಕ್‌ನಿಂದ ಬ್ರಿಟಿಷ್ ಸೈನ್ಯ ಸಮುದ್ರ ದಾಟಿ ಹಿಮ್ಮೆಟ್ಟುತ್ತಿದ್ದ ದಿನಗಳಲ್ಲಿ, ಎಂಟು–ಒಂದರ ಅಂತರದಲ್ಲಿ ಸೋತಿತು. ಇದೇ ಪಂಥದವರು ಬೀದಿಯಲ್ಲಿ ಧರ್ಮಪ್ರಚಾರ ಮಾಡುವ ಹಕ್ಕನ್ನು ಅದೇ ಕೋರ್ಟು ಎರಡು ವಾರಗಳ ಹಿಂದಷ್ಟೇ ಸರ್ವಾನುಮತದಿಂದ ಎತ್ತಿಹಿಡಿದಿತ್ತು. ಧ್ವಜದ ಮಾತು ಬಂದಾಗ ಮಾತ್ರ ರಾಷ್ಟ್ರೀಯ ಏಕತೆ ಮೇಲಾಯಿತು. ತೀರ್ಪಿನ ಬೆನ್ನಲ್ಲೇ ದೇಶದ ಹಲವೆಡೆ ಯೆಹೋವನ ಸಾಕ್ಷಿಗಳ ಮೇಲೆ ಜನರು ಮುಗಿಬಿದ್ದರು. ಮೇಯ್ನ್ ರಾಜ್ಯದ ಕೆನೆಬಂಕ್‌ನಲ್ಲಿ ಅವರ ಸಭಾಭವನಕ್ಕೆ ಬೆಂಕಿ ಹಚ್ಚಿದರು.

ಮೂರು ವರ್ಷ ಕಳೆಯುತ್ತಿದ್ದಂತೆ, ಧ್ವಜಕ್ಕೆ ವಂದಿಸದ ಇದೇ ಪಂಥದ, ವೆಸ್ಟ್ ವರ್ಜೀನಿಯಾದ ಬಾರ್ನೆಟ್ ಸಹೋದರಿಯರ ಪ್ರಕರಣದಲ್ಲಿ, 1943ರ ಜೂನ್ 14ರಂದು, ಅದೇ ಕೋರ್ಟು ಆರು–ಮೂರರ ಅಂತರದಲ್ಲಿ ತನ್ನ ಮಾತನ್ನು ತಿರುಗಿಸಿಕೊಂಡಿತು. ಮೊದಲ ತಿದ್ದುಪಡಿಯ ಒಂದಕ್ಷರವೂ ಈ ನಡುವೆ ಬದಲಾಗಿರಲಿಲ್ಲ. ಬ್ಲ್ಯಾಕ್, ಡಗ್ಲಸ್, ಮರ್ಫಿ ಎಂಬ ಮೂವರು ನ್ಯಾಯಮೂರ್ತಿಗಳು ಮನಸ್ಸು ಬದಲಿಸಿದ್ದರು, ಇಬ್ಬರು ಹೊಸಬರು ಬಂದಿದ್ದರು. 1940ರಲ್ಲಿ ಏಕಾಂಗಿಯಾಗಿ ಭಿನ್ನ ತೀರ್ಪು ಬರೆದಿದ್ದ ಸ್ಟೋನ್ ಈಗ ಮುಖ್ಯ ನ್ಯಾಯಮೂರ್ತಿ. ಬಹುಮತದ ತೀರ್ಪು ಬರೆದ ರಾಬರ್ಟ್ ಜಾಕ್ಸನ್ ಧಾರ್ಮಿಕ ವಿನಾಯಿತಿಯ ದಾರಿ ಹಿಡಿಯಲಿಲ್ಲ. ರಾಜಕೀಯ, ರಾಷ್ಟ್ರೀಯತೆ, ಧರ್ಮ ಇವುಗಳಲ್ಲಿ ಯಾವುದು ಸರಿಯೆಂದು ನಿಗದಿ ಮಾಡುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲವೆಂದೂ, ನಾಗರಿಕನ ಬಾಯಿಂದ ನಂಬಿಕೆಯ ಮಾತನ್ನು ಬಲವಂತವಾಗಿ ಹೊರಡಿಸುವಂತಿಲ್ಲವೆಂದೂ ಹೇಳಿದರು. ಹೀಗಾಗಿ ಆ ರಕ್ಷಣೆ ಒಂದು ಪಂಥಕ್ಕೆ ಸೀಮಿತವಾಗದೆ, ದೇವರನ್ನೇ ನಂಬದವರಿಗೂ ದಕ್ಕಿತು. ಕಾನೂನಿನ ಈ ಸೂಕ್ಷ್ಮವನ್ನು ದಯವಿಟ್ಟು ಬಿಡಬೇಡಿ. ಓದುಗರಿಗೆ ಅರ್ಥವಾಗದೆಂಬ ಅಂಜಿಕೆ ಬೇಡ.

ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಮೊದಲರ್ಧದ ಪ್ರಶಂಸೆಯೇ ಹೊಸ ಬಟ್ಟೆ ತೊಟ್ಟು ಬಂದಂತಾಗುತ್ತದೆ. ಆದ್ದರಿಂದ ಮುಂದೆ ಹೋಗಿ. ಸರಿಯಾಗಿ ಒಂದು ವಾರದ ನಂತರ, ಜೂನ್ 21ರಂದು, ಹಿರಾಬಯಾಶಿ ಮೊಕದ್ದಮೆಯಲ್ಲಿ, ಜಪಾನ್ ಜೊತೆಗಿನ ಯುದ್ಧದ ಹೊತ್ತಿನಲ್ಲಿ ಅಮೆರಿಕದ ಪ್ರಜೆಗಳ ಪೈಕಿ ಜಪಾನಿ ಮೂಲದವರ ಮೇಲೆ ಮಾತ್ರ ಹೇರಿದ್ದ ರಾತ್ರಿ ಕರ್ಫ್ಯೂವನ್ನು ಕೋರ್ಟು ಎತ್ತಿಹಿಡಿಯಿತು. ಒಬ್ಬರೂ ಭಿನ್ನಮತ ದಾಖಲಿಸಲಿಲ್ಲ. ತೀರ್ಪು ಬರೆದವರು ಅದೇ ಸ್ಟೋನ್. ಅಧ್ಯಕ್ಷ ರೂಸ್‌ವೆಲ್ಟ್ 1942ರ ಫೆಬ್ರುವರಿ 19ರಂದು ಸಹಿ ಮಾಡಿದ ಆದೇಶದ ಪರಿಣಾಮವಾಗಿ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ಸಾಗಿಸಲಾಗಿತ್ತು. ಅವರಲ್ಲಿ ಮೂರನೆಯ ಎರಡು ಭಾಗದಷ್ಟು ಜನ ಅಮೆರಿಕದ ಪ್ರಜೆಗಳೇ. ಹೋಗಲು ಒಪ್ಪದ ಫ್ರೆಡ್ ಕೊರೆಮಾಟ್ಸು 1944ರ ಡಿಸೆಂಬರಿನಲ್ಲಿ ಸೋತರು. ಅಲ್ಲಿ ಬಹುಮತದ ತೀರ್ಪು ಬರೆದವರು ಶಾಲಾಮಕ್ಕಳ ವಿಷಯದಲ್ಲಿ ಮನಸ್ಸು ಬದಲಿಸಿದ್ದ ಬ್ಲ್ಯಾಕ್. ಮರ್ಫಿ, ಜಾಕ್ಸನ್ ಸೇರಿ ಮೂವರು ಭಿನ್ನ ತೀರ್ಪು ಬರೆದರು. ಕೊರೆಮಾಟ್ಸು ಮೇಲಿನ ಶಿಕ್ಷೆಯನ್ನು ಕೆಳ ಕೋರ್ಟೊಂದು 1983ರಲ್ಲಿ ರದ್ದುಮಾಡಿತು. 1988ರ ಕಾಯ್ದೆ ಬದುಕುಳಿದವರಿಗೆ ಕ್ಷಮಾಪಣೆಯೊಂದಿಗೆ ತಲಾ 20,000 ಡಾಲರ್ ನೀಡಿತು. ಕೊರೆಮಾಟ್ಸು ತೀರ್ಪು ಘೋರ ತಪ್ಪೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರಲ್ಲಿ.

ಹೀಗೆ ಒಂದೇ ಪೀಠ, ಅವೇ ನ್ಯಾಯಮೂರ್ತಿಗಳು, ಎರಡು ತೀರ್ಪುಗಳ ನಡುವೆ ಏಳು ದಿನ. ನಿಮ್ಮ ಪ್ರಶಂಸೆ ಮತ್ತು ಖಂಡನೆ ಎರಡೂ ಈ ಒಂದು ವಾರದಲ್ಲಿ ಎದುರುಬದುರಾಗುತ್ತವೆ. ಯಾವ ಭಯದ ಎದುರು ಹಕ್ಕು ನಿಂತಿತು, ಯಾವುದರ ಎದುರು ನಿಲ್ಲಲಿಲ್ಲ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಿ. ಮಕ್ಕಳನ್ನು ಶಾಲೆಗೆ ಮರಳಿಸಿದರೆ ಯುದ್ಧಕ್ಕೆ ಏನೂ ಆಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಜಪಾನಿ ಮೂಲದವರಿಂದ ಅಪಾಯವಿದೆಯೆಂಬ ಸೇನೆಯ ಮಾತನ್ನು ಪ್ರಶ್ನಿಸುವ ಧೈರ್ಯ ಮಾತ್ರ ಬಹುಮತಕ್ಕೆ ಬರಲಿಲ್ಲ. ಇದು ನನ್ನ ಅಭಿಪ್ರಾಯ. ನಿಮ್ಮದು ಬೇರೆಯಾಗಿದ್ದರೆ ಕಾರಣ ಕೊಟ್ಟು ಬರೆಯಿರಿ.

ಇನ್ನೊಬ್ಬರನ್ನು ನೀವು ಬಿಡಬಾರದು. ಧ್ವಜವಂದನೆಯ ಮೊಕದ್ದಮೆಗಳಲ್ಲಿ 1940ರ ತೀರ್ಪನ್ನೂ 1943ರ ಪ್ರಮುಖ ಭಿನ್ನ ತೀರ್ಪನ್ನೂ ಬರೆದವರು ಫೆಲಿಕ್ಸ್ ಫ್ರಾಂಕ್‌ಫರ್ಟರ್. ಅವರು ಯಹೂದಿ ವಲಸಿಗರು, ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ನಿನ ಸ್ಥಾಪಕರಲ್ಲಿ ಒಬ್ಬರು. ಕಿರುಕುಳಕ್ಕೆ ಒಳಗಾದ ಸಮುದಾಯದ ನೋವನ್ನು ಬಲ್ಲವರು. ಆದರೂ ಚುನಾಯಿತ ಶಾಸಕರ ನಿರ್ಧಾರವನ್ನು ನ್ಯಾಯಾಧೀಶರು ತಮ್ಮ ಇಷ್ಟದಂತೆ ತಳ್ಳಿಹಾಕಬಾರದೆಂದು ಪ್ರಾಮಾಣಿಕವಾಗಿ ನಂಬಿದ್ದರು. ಅವರನ್ನು ಖಳನಾಯಕನಂತೆ ಚಿತ್ರಿಸಿದರೆ ಲೇಖನ ಹಗುರವಾಗುತ್ತದೆ.

‘ನಮ್ಮ ಸಂವಿಧಾನವೂ ಅಮೆರಿಕದಿಂದ ಎರವಲು ಪಡೆದದ್ದು’ ಎಂಬ ನಿಮ್ಮ ಸಾಲನ್ನು ತೆಗೆದು, ಬೇಕಿದ್ದರೆ ಈ ಸಂಗತಿಯನ್ನು ಸೇರಿಸಿ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ನಮ್ಮ ಕರಾವಳಿಯ ಬೆನೆಗಲ್ ಮನೆತನದ ನರಸಿಂಗ ರಾವ್ ಅವರು 1947ರಲ್ಲಿ ಅಮೆರಿಕಕ್ಕೆ ಹೋಗಿ ಇದೇ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ನ್ಯಾಯಯುತ ಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದೆನ್ನುವ ‘ಡ್ಯೂ ಪ್ರೊಸೆಸ್’ ಎಂಬ ಮಾತು ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆಂದು ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಜೀವ ಮತ್ತು ವ್ಯಕ್ತಿಸ್ವಾತಂತ್ರ್ಯವನ್ನು ಕಾಯುವ ನಮ್ಮ ಸಂವಿಧಾನದ 21ನೆಯ ವಿಧಿಯಲ್ಲಿ ಆ ಮಾತು ಬರಲಿಲ್ಲ. ಅದರ ಸಾರವನ್ನು ನಮ್ಮ ಸುಪ್ರೀಂ ಕೋರ್ಟು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಒಳತಂದಿತು. ಕೇರಳದ ಮೂವರು ಮಕ್ಕಳು, ಅವರೂ ಯೆಹೋವನ ಸಾಕ್ಷಿಗಳೇ, ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆ ಕಳೆದುಕೊಂಡ ಪ್ರಕರಣದಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರು ಧ್ವಜವಂದನೆಯ ಬಗೆಗಿನ ಅಮೆರಿಕದ ಆ ಎರಡೂ ತೀರ್ಪುಗಳನ್ನು ಚರ್ಚಿಸಿ 1986ರಲ್ಲಿ ಮಕ್ಕಳ ಪರ ನಿಂತರು. ಇದಕ್ಕೆ ಒಂದು ಪ್ಯಾರಾ ಸಾಕು; ಲೇಖನ ಭಾರತದ ಕಡೆಗೆ ಹೊರಳಬಾರದು.

ಭಾಷೆಯ ಬಗ್ಗೆ ಒಂದೇ ಮಾತು. ‘ಹಕ್ಕುಗಳನ್ನು ದಮನಿಸಲಾಯಿತು’, ‘ವಿರೋಧ ವ್ಯಕ್ತವಾಯಿತು’ ಎಂಬಂಥ ವಾಕ್ಯಗಳು ನಿಮ್ಮಲ್ಲಿ ಹೆಚ್ಚು. ದಮನಿಸಿದವರು ಯಾರು, ವಿರೋಧಿಸಿದವರು ಯಾರು ಎಂಬುದನ್ನು ಅವು ಮರೆಮಾಚುತ್ತವೆ. ಈ ವಿಷಯದಲ್ಲಂತೂ ಕರ್ತೃಪದವಿಲ್ಲದ ವಾಕ್ಯ ಬರೆಯಲೇಬೇಡಿ.

ಮೊದಲ ನಾಲ್ಕು ಪುಟಗಳನ್ನು ಪೂರ್ತಿ ಬಿಟ್ಟು, ಮೈನರ್ಸ್‌ವಿಲ್‌ನಿಂದ ಆರಂಭಿಸಿ. ಬಾರ್ನೆಟ್ ತೀರ್ಪಿನಲ್ಲಿ ಜಾಕ್ಸನ್ ಮತ್ತು ಫ್ರಾಂಕ್‌ಫರ್ಟರ್ ಇಬ್ಬರ ಬರಹವನ್ನೂ ಮೂಲದಲ್ಲೇ ಓದಿ. ಎರಡೂ ಎಲ್ಲರಿಗೂ ಸಿಗುವಂಥವು. ಹೊಸ ಪ್ರತಿ ಕಳಿಸಿದರೆ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ