ಮೊದಲು ಅಂಟು, ಆಮೇಲೆ ಅಂದ: ಫೋಮ್ ಟ್ರೇಲರ್ ಲೇಖನಕ್ಕೆ ನಮ್ಮ ಉತ್ತರ

ನಮಸ್ಕಾರ.

ನೀವು ಕಳಿಸಿದ ‘ಮನೆಯಲ್ಲೇ ಕಟ್ಟುವ ಫೋಮ್ ಟ್ರೇಲರ್: ಹೊರಹೊದಿಕೆಗೆ ಐದು ದಾರಿ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ವಿಷಯವನ್ನು ಕೈಬಿಡಬೇಡಿ. ಕಾರಿನ ಹಿಂದೆ ಎಳೆದೊಯ್ಯುವ, ಇಬ್ಬರು ಮಲಗುವಷ್ಟು ಜಾಗದ ಹಗುರ ಗಾಡಿಯನ್ನು ಫೋಮ್ ಹಲಗೆಯಿಂದ ಕಟ್ಟಿಕೊಳ್ಳುವ ಹವ್ಯಾಸ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿಯ ಅನುಭವವನ್ನು ನಮ್ಮ ಮಳೆಗೆ, ನಮ್ಮ ಉಪ್ಪುಗಾಳಿಗೆ ಹೊಂದಿಸಿ ಹೇಳುವ ಬರಹ ಬೇಕು. ನಿಮ್ಮ ಪೀಠಿಕೆ ಅದನ್ನೇ ಮಾಡುತ್ತೇನೆ ಎನ್ನುತ್ತದೆ, ಮುಂದಿನ ಪುಟಗಳು ಮಾಡುವುದಿಲ್ಲ.

ನಮ್ಮನ್ನು ತಡೆದದ್ದು ನಾಲ್ಕನೇ ಪುಟದ ಒಂದು ವಾಕ್ಯ: ‘ಕಾರವಾರದಿಂದ ಭಟ್ಕಳದವರೆಗೆ ಫೈಬರ್ ದೋಣಿ ರಿಪೇರಿಯವರು ಇದ್ದೇ ಇದ್ದಾರೆ, ಅವರ ಕೈಯಲ್ಲೇ ಫೋಮ್ ಮೇಲೆ ಫೈಬರ್ ಹಾಕಿಸಿಕೊಂಡರೆ ಕೆಲಸ ಸಲೀಸು.’ ಇದನ್ನು ನಂಬಿದ ಓದುಗರ ಗಾಡಿ ಅರ್ಧ ಗಂಟೆಯಲ್ಲಿ ಹಾಳಾಗುತ್ತದೆ. ದೋಣಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್, ಗಾಜಿನೆಳೆಗೆ ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟುದ್ರವ. ಅದನ್ನು ತೆಳುವಾಗಿಸಲು ಅದರೊಳಗೆ ಸ್ಟೈರೀನ್ ಎಂಬ ದ್ರವ ಇರುತ್ತದೆ. ನಿಮ್ಮ ಗಾಡಿಯ ಫೋಮ್, ಅಂದರೆ ಎಕ್ಸ್‌ಪಿಎಸ್ ಹಲಗೆ, ಪಾಲಿಸ್ಟೈರೀನ್‌ನಿಂದ ಆದದ್ದು. ಥರ್ಮಾಕೋಲ್ ಕೂಡ ಅದೇ ಜಾತಿ. ಸ್ಟೈರೀನ್ ತಗುಲಿದರೆ ಬಿಸಿನೀರಿಗೆ ಬಿದ್ದ ಬೆಲ್ಲದ ಹಾಗೆ ಕರಗುತ್ತದೆ. ರೆಸಿನ್ ಗಟ್ಟಿಯಾಗುವ ಮೊದಲೇ ಹಲಗೆ ಗುಂಡಿ ಬೀಳುತ್ತದೆ. ದೋಣಿ ಕೆಲಸದವರ ಕೈ ಪಳಗಿದ್ದೇ, ಅದರಲ್ಲಿ ಅನುಮಾನವಿಲ್ಲ; ಆದರೆ ಅವರ ಸಾಮಗ್ರಿ ಈ ಫೋಮ್‌ಗೆ ಆಗಿಬರುವುದಿಲ್ಲ. ಅವರಿಂದಲೇ ಮಾಡಿಸುವುದಾದರೆ ಸ್ಟೈರೀನ್ ಇಲ್ಲದ ಎಪಾಕ್ಸಿ ರೆಸಿನ್‌ನಲ್ಲೇ ಮಾಡಿಸಬೇಕು.

ಅಷ್ಟು ತಿದ್ದಿದರೂ ಸಾಲದು. ಪಾಲಿಯೆಸ್ಟರ್‌ನ ರೂಢಿಗಳನ್ನು ಎಪಾಕ್ಸಿಗೆ ತಂದರೆ ಬೇರೆ ಎರಡು ತಪ್ಪುಗಳಾಗುತ್ತವೆ, ಅವನ್ನೂ ಬರೆಯಿರಿ. ಪಾಲಿಯೆಸ್ಟರ್‌ಗೆ ಕ್ಯಾಟಲಿಸ್ಟನ್ನು, ಅಂದರೆ ಗಟ್ಟಿಯಾಗಿಸುವ ದ್ರವವನ್ನು, ನೂರಕ್ಕೆ ಒಂದೆರಡು ಪಾಲು ಹಾಕುತ್ತಾರೆ, ಬೇಗ ಗಟ್ಟಿಯಾಗಲೆಂದು ಸ್ವಲ್ಪ ಹೆಚ್ಚೂ ಮಾಡುತ್ತಾರೆ. ಎಪಾಕ್ಸಿಗೆ ಅಂಥ ಜೊತೆದ್ರವ ಹಾರ್ಡ್‌ನರ್. ಎಪಾಕ್ಸಿಯಲ್ಲಿ ಹಾರ್ಡ್‌ನರ್ ಹೆಚ್ಚಿಸಿದರೆ ಬೇಗ ಗಟ್ಟಿಯಾಗುವುದಿಲ್ಲ, ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಡಬ್ಬಿಯ ಮೇಲಿನ ಪ್ರಮಾಣವನ್ನು ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು. ಎರಡನೆಯದು ಮ್ಯಾಟ್. ದೋಣಿಗೆ ಹಾಕುವ, ಎಳೆಗಳನ್ನು ಅಡ್ಡಾದಿಡ್ಡಿ ಅಂಟಿಸಿದ ಮ್ಯಾಟಿನ ಅಂಟು ಸ್ಟೈರೀನ್‌ನಲ್ಲಿ ಕರಗುವಂತೆ ಮಾಡಿದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಹಾಗಾಗಿ ಮ್ಯಾಟ್ ಸೆಟೆದುಕೊಂಡೇ ಉಳಿದು ಮೂಲೆಗೆ ಬಗ್ಗುವುದಿಲ್ಲ. ನೇಯ್ದ ಗಾಜಿನ ಬಟ್ಟೆಯೇ ಬೇಕು. ಚದರ ಮೀಟರಿಗೆ 200 ಗ್ರಾಂ ತೂಕದ್ದು ಈ ಗಾಡಿಗೆ ಸರಿಹೋಗುತ್ತದೆ.

ಇನ್ನು ಲೇಖನದ ರಚನೆ. ನೀವು ಪ್ರತಿ ಹೊದಿಕೆಗೂ ಮೊದಲು ಅಂದ, ಆಮೇಲೆ ಬೆಲೆ, ಕೊನೆಗೆ ಎರಡು ಸಾಲು ‘ಬಾಳಿಕೆ’ ಎಂದು ಬರೆದಿದ್ದೀರಿ. ಅದು ತಲೆಕೆಳಗಾಗಬೇಕು. ಯಾವ ಹೊದಿಕೆಯಾದರೂ ಮೊದಲ ಪ್ರಶ್ನೆ, ಅದರ ಅಂಟು ಫೋಮನ್ನು ತಿನ್ನುತ್ತದೆಯೇ ಎಂಬುದು. ಎರಡನೆಯದು, ಅದು ಫೋಮನ್ನು ಹಿಡಿದುಕೊಳ್ಳುತ್ತದೆಯೇ. ಮೂರನೆಯದು, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಒಳಬರುತ್ತದೆ. ಇವು ಮೂರೂ ದಾಟಿದ ಮೇಲೆ ಬಣ್ಣ, ಬೆಲೆಯ ಮಾತು.

ಅಂಟಿನ ಬಗ್ಗೆ ನೀವು ‘ಯಾವುದಾದರೂ ಫೆವಿಕಾಲ್’ ಎಂದಿದ್ದೀರಿ. ಆ ಹೆಸರಿನಲ್ಲೇ ಬಡಗಿಯ ಬಿಳಿ ಅಂಟೂ ಇದೆ, ಸನ್‌ಮೈಕಾ ಹಚ್ಚುವ ರಬ್ಬರ್ ಅಂಟೂ ಇದೆ. ಬಿಳಿಯದು ನೀರಿನಲ್ಲಿ ಕಲಸಿದ್ದು, ಫೋಮ್‌ಗೆ ಏನೂ ಮಾಡುವುದಿಲ್ಲ. ರಬ್ಬರ್ ಅಂಟಿನಲ್ಲಿರುವ ದ್ರಾವಕ ಫೋಮನ್ನು ಕರಗಿಸುತ್ತದೆ. ಥಿನ್ನರ್, ಪೆಟ್ರೋಲ್, ಸ್ಪ್ರೇ ಡಬ್ಬಿಯ ಬಣ್ಣ, ಎಲ್ಲವೂ ಅದೇ ಸಾಲಿನವು. ಬಿಳಿ ಅಂಟಿನಲ್ಲೂ ಸಾಮಾನ್ಯ ದರ್ಜೆಯದು ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಹೊರಗೆ ನಿಲ್ಲುವ ಗಾಡಿಗೆ ‘ಮರೀನ್’ ಎಂದು ಮಾರುವ ಜಲನಿರೋಧಕ ಅಂಟು, ಅಥವಾ ಯುರೋಪಿನ ಇಎನ್ 204 ಮಾನದಂಡದಲ್ಲಿ ಡಿ4 ದರ್ಜೆ ಎಂದು ಡಬ್ಬಿಯ ಮೇಲೆ ಬರೆದದ್ದು ಬೇಕು. ಡಿ4 ಆದರೂ ಮೇಲೆ ಬಣ್ಣದ ರಕ್ಷಣೆ ಇರಲೇಬೇಕು. ಯಾವುದನ್ನೇ ಕೊಂಡರೂ ಉಳಿದ ಫೋಮ್ ತುಂಡಿನ ಮೇಲೆ ಒಂದು ಚಮಚ ಸುರಿದು, ಒಂದು ದಿನ ಬಿಟ್ಟು ನೋಡಿ ಎಂಬ ಮಾತು ಲೇಖನದ ಮೊದಲ ಪುಟದಲ್ಲೇ ಬರಲಿ.

ಹಿಡಿತದ ಬಗ್ಗೆ ನಿಮ್ಮ ಲೇಖನದಲ್ಲಿ ಒಂದಕ್ಷರವೂ ಇಲ್ಲ. ಹೊದಿಕೆ ಉಬ್ಬಿ ಏಳುವುದು ಬಹುಪಾಲು ಇಲ್ಲಿಂದಲೇ. ಕಾರ್ಖಾನೆಯಿಂದ ಬಂದ ಎಕ್ಸ್‌ಪಿಎಸ್ ಹಲಗೆಯ ಮೇಲೆ ನುಣುಪಾದ ಒಂದು ಸಿಪ್ಪೆ ಇರುತ್ತದೆ. ಅದರ ಮೇಲೇ ಅಂಟಿಸಿದರೆ ಮೊದಲ ಬೇಸಿಗೆಯ ಬಿಸಿಲಿಗೆ ಗುಳ್ಳೆ ಬರುತ್ತದೆ. 80 ನಂಬರಿನ ಪಾಲಿಶ್ ಪೇಪರಿನಿಂದ ಹೊಳಪು ಪೂರಾ ಹೋಗುವವರೆಗೆ ಉಜ್ಜಬೇಕು, ಆಮೇಲೆ ತಂತಿ ಬ್ರಷ್ಷನ್ನು ಹಗುರಾಗಿ ಕುಟ್ಟಿ ಸಣ್ಣ ತೂತು ಮಾಡಬೇಕು, ಧೂಳನ್ನು ಒರೆಸಿ ತೆಗೆಯಬೇಕು. ಗಾಜಿನ ಬಟ್ಟೆಯಾಗಲಿ ಕ್ಯಾನ್ವಾಸಾಗಲಿ ಚೂಪು ಅಂಚಿನ ಮೇಲೆ ಕೂರುವುದಿಲ್ಲ, ಕೆಳಗೆ ಗಾಳಿ ಉಳಿಯುತ್ತದೆ. ಎಲ್ಲ ಅಂಚುಗಳನ್ನೂ ಕನಿಷ್ಠ 12 ಮಿ.ಮೀ. ತ್ರಿಜ್ಯಕ್ಕೆ ದುಂಡಾಗಿಸಿ ಎಂದು ಸ್ಪಷ್ಟವಾಗಿ ಹೇಳಿ.

ಈಗ ನಿಮ್ಮ ಐದು ದಾರಿಗಳು: ಅಲ್ಯೂಮಿನಿಯಂ ತಗಡು, ಎಸಿಪಿ (ಪ್ಲಾಸ್ಟಿಕ್ ನಡುಪದರದ ಅಲ್ಯೂಮಿನಿಯಂ) ಹಾಳೆ, ತಾಡಪತ್ರಿ, ರೆಸಿನ್ ಹಚ್ಚಿದ ಗಾಜಿನ ಬಟ್ಟೆ, ಬಿಳಿ ಅಂಟಿನ ಕ್ಯಾನ್ವಾಸ್. ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಗಾಡಿಗೆ ನೆಲ, ಕಿಟಕಿ ಬಿಟ್ಟು ಹೊದಿಸಬೇಕಾದ ಜಾಗ ಸುಮಾರು 120 ಚದರಡಿ, ಅಂದರೆ 11 ಚದರ ಮೀಟರ್. ಲೇಖನದುದ್ದಕ್ಕೂ ಇದೇ ಅಳತೆ ಇಟ್ಟುಕೊಂಡರೆ ಓದುಗರಿಗೆ ಹೋಲಿಕೆ ಸಿಗುತ್ತದೆ. ಫೋಮ್ 50 ಮಿ.ಮೀ. ದಪ್ಪದ್ದಾದರೆ ಅದರ ತೂಕವೇ 18 ಕಿಲೋದ ಆಸುಪಾಸು. ಇದರ ಮೇಲೆ 0.8 ಮಿ.ಮೀ. ಅಲ್ಯೂಮಿನಿಯಂ ತಗಡು ಹಾಕಿದರೆ 24 ಕಿಲೋ ಸೇರುತ್ತದೆ. ಅಂಗಡಿಗಳ ಬೋರ್ಡಿಗೆ ಬಳಸುವ 3 ಮಿ.ಮೀ. ಎಸಿಪಿ ಹಾಳೆಯಾದರೆ 38 ಕಿಲೋಗೂ ಹೆಚ್ಚು, ಮೇಲಾಗಿ ಅದು ಒಂದೇ ದಿಕ್ಕಿಗೆ ಬಾಗುತ್ತದೆ. ಎಸಿಪಿಯನ್ನು ಲೇಖನದಿಂದ ತೆಗೆದುಬಿಡಿ. ಹಗುರ ಗಾಡಿಯ ಬರಹದಲ್ಲಿ ಅದಕ್ಕೆ ಜಾಗವಿಲ್ಲ.

ತಾಡಪತ್ರಿಯೂ ಹೋಗಲಿ. ಲಾರಿಯ ಪಿವಿಸಿ ತಾಡಪತ್ರಿಯನ್ನು ಮೆತ್ತಗಿಡುವ ಎಣ್ಣೆಯಂಥ ವಸ್ತು ನಿಧಾನಕ್ಕೆ ಪಾಲಿಸ್ಟೈರೀನ್‌ಗೆ ಇಳಿಯುತ್ತದೆ. ಫೋಮ್ ಕರಗುತ್ತದೆ, ತಾಡಪತ್ರಿ ಬಿರುಸಾಗುತ್ತದೆ. ಇದೇ ಕಾರಣಕ್ಕೆ ದೀಪದ ವೈರುಗಳನ್ನೂ ನೇರವಾಗಿ ಫೋಮ್ ಒಳಗೆ ಹುದುಗಿಸಬಾರದು, ಗಟ್ಟಿ ಪೈಪಿನೊಳಗೆ ಎಳೆಯಬೇಕು. ಇದು ಹೊದಿಕೆಯ ವಿಷಯವಲ್ಲವಾದರೂ ಹೊದಿಸುವ ಮೊದಲೇ ಆಗಬೇಕಾದ ಕೆಲಸ, ಆದ್ದರಿಂದ ಸೇರಿಸಿ.

ಅಲ್ಯೂಮಿನಿಯಂ ಬಗ್ಗೆ ‘ತುಕ್ಕು ಹಿಡಿಯದು, ಕರಾವಳಿಗೆ ಹೇಳಿ ಮಾಡಿಸಿದ್ದು’ ಎಂದಿದ್ದೀರಿ. ತಗಡಿಗೆ ತುಕ್ಕು ಹಿಡಿಯದು, ನಿಜ. ಆದರೆ ಉಪ್ಪು ತೇವದಲ್ಲಿ ಅದು ಉಕ್ಕಿನ ಸ್ಕ್ರೂ ಜೊತೆ ಸೇರಿದರೆ ತೂತಿನ ಸುತ್ತ ಬಿಳಿ ಪುಡಿಯಾಗಿ ಉದುರುತ್ತದೆ. ಸ್ಕ್ರೂ ಬದಲು ಪಾಪ್ ರಿವೆಟ್, ಅಂದರೆ ಒಳಗಿನ ಕಡ್ಡಿ ಎಳೆದು ಬಿಗಿಯುವ ಟೊಳ್ಳು ಮೊಳೆ, ಹಾಕಿದರೂ ಅಗ್ಗದವುಗಳ ಒಳಗಿನ ಕಡ್ಡಿ ಉಕ್ಕಿನದು. ಅದರ ತುದಿ ಒಳಗೇ ಉಳಿದು ತುಕ್ಕು ಸುರಿಸುತ್ತದೆ. ಕಡ್ಡಿಯೂ ಅಲ್ಯೂಮಿನಿಯಂ ಆಗಿರುವ ರಿವೆಟ್ಟನ್ನೇ ಕೇಳಿ ತರಬೇಕು. ಎಂಟಡಿ ತಗಡು 40 ಡಿಗ್ರಿ ಬಿಸಿ ಏರಿದರೆ 2 ಮಿ.ಮೀ.ಗೂ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಎಲ್ಲ ಕಡೆ ಬಿಗಿದರೆ ಸೊಟ್ಟಗಾಗಿ ಅಲೆ ಏಳುತ್ತದೆ. ಒಂದು ಅಂಚನ್ನು ಬಿಗಿದು ಉಳಿದದ್ದನ್ನು ಪಟ್ಟಿಯ ಕೆಳಗೆ ಜಾರಲು ಬಿಡುವುದು ಸರಿ.

ಉಳಿದವು ಎರಡು. ಲೇಖನದ ಮುಕ್ಕಾಲು ಭಾಗ ಇವಕ್ಕೇ ಮೀಸಲಾಗಲಿ.

ಎಪಾಕ್ಸಿಯಲ್ಲಿ ಗಾಜಿನ ಬಟ್ಟೆ. ಮೊದಲು ಎಪಾಕ್ಸಿಗೆ ಮೈಕ್ರೋಬಲೂನ್ ಎಂಬ ಸಣ್ಣ ಟೊಳ್ಳು ಗುಂಡುಗಳ ಹಗುರ ಪುಡಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತಂದು ತೂತುಗಳಿಗೆ ಸವರಬೇಕು, ಅದು ಅಂಟಂಟಾಗಿ ಇರುವಾಗಲೇ ಬಟ್ಟೆ ಹಾಸಿ, ಮೇಲಿನಿಂದ ರೆಸಿನ್ ಹಾಕಿ, ನಡುವಿನಿಂದ ಅಂಚಿಗೆ ಸ್ಕ್ರೇಪರ್ ಎಳೆಯಬೇಕು. ಬಟ್ಟೆ ಪಾರದರ್ಶಕವಾಗಬೇಕು, ಬೆಳ್ಳಗೆ ಕಂಡಲ್ಲಿ ರೆಸಿನ್ ಸಾಲದು, ಹೊಳೆದಲ್ಲಿ ಹೆಚ್ಚಾಗಿದೆ. ಮೂಲೆಗಳಲ್ಲಿ 50 ಮಿ.ಮೀ. ಒಂದರ ಮೇಲೊಂದು ಬರಲಿ. ರೆಸಿನ್, ಹಾರ್ಡ್‌ನರ್ ಸೇರಿ ಸುಮಾರು 7 ಕಿಲೋ ಬೇಕು, ಹೊದಿಕೆಯ ತೂಕ 9–10 ಕಿಲೋ ಆಗುತ್ತದೆ. ಒಂದೇ ಸಲ ಮಗ್ ತುಂಬ ಕಲಸಿಟ್ಟರೆ ನಮ್ಮ ಸೆಕೆಗೆ ಅದು ಹೊಗೆಯಾಡುವಷ್ಟು ಬಿಸಿಯಾಗುತ್ತದೆ; ಆ ಬಿಸಿ ರೆಸಿನ್ ಫೋಮ್ ಮೇಲೆ ಬಿದ್ದರೆ ಕುಳಿ. 200 ಗ್ರಾಂನಂತೆ ಕಲಸಿ, ಅಗಲ ತಟ್ಟೆಗೆ ಸುರಿದು ಬಳಸಬೇಕು.

ಕಾರವಾರದಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ. ಮಳೆಗಾಲದ ತೇವದಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪದರ ಕೂರುತ್ತದೆ, ಅದರ ಮೇಲೆ ಮುಂದಿನ ಕೋಟಿಂಗ್ ಹಿಡಿಯುವುದಿಲ್ಲ. ಬರೀ ನೀರಿನಲ್ಲಿ ತೊಳೆದು, ಒಣಗಿಸಿ, ಉಜ್ಜಿ ಮುಂದುವರಿಯಬೇಕು. ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ಸೂಕ್ತ. ಮಾಗಿದ ಎಪಾಕ್ಸಿಗೆ ಬಿಸಿಲು ಶತ್ರು, ಬಣ್ಣವಿಲ್ಲದೆ ಬಿಟ್ಟರೆ ಹಳದಿಯಾಗಿ ಪುಡಿಯೇಳುತ್ತದೆ. ಬಣ್ಣ ಬಿಳಿಯೋ ತೀರ ತೆಳುವಾದದ್ದೋ ಇರಲಿ. ನೀವು ಸೂಚಿಸಿದ ಕಡುಹಸಿರು ಚೆಂದ ಕಂಡೀತು, ಆದರೆ ಏಪ್ರಿಲ್ ಬಿಸಿಲಿನಲ್ಲಿ ಕಡುಬಣ್ಣದ ಮೈ 65 ಡಿಗ್ರಿ ದಾಟುತ್ತದೆ. ಕೋಣೆಯ ಉಷ್ಣದಲ್ಲಿ ಗಟ್ಟಿಯಾಗುವ ಎಪಾಕ್ಸಿ 60ರ ಆಚೀಚೆಗೇ ಮೆದುವಾಗತೊಡಗುತ್ತದೆ, ಬಿಳಿ ಅಂಟೂ ಅಷ್ಟೆ.

ಕ್ಯಾನ್ವಾಸ್ ಮತ್ತು ಬಿಳಿ ಅಂಟು. ಇದನ್ನು ನೀವು ‘ಎಲ್ಲಕ್ಕಿಂತ ಹಗುರ’ ಎಂದಿದ್ದೀರಿ, ಅಲ್ಲ. ಚದರ ಗಜಕ್ಕೆ 10 ಔನ್ಸ್ ತೂಗುವ ಬಟ್ಟೆ, ಅಂಟು, ನಾಲ್ಕು ಕೋಟಿಂಗ್ ಬಣ್ಣ ಒಣಗಿದ ಮೇಲೆ 12 ಕಿಲೋ ಹತ್ತಿರ ಬರುತ್ತದೆ. ಅದರ ಗುಣ ಬೇರೆ: ಕೈಗೆ ಮೈಗೆ ವಿಷವಿಲ್ಲ, ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದ ತಿರುವುಗಳಲ್ಲಿ ಗಾಡಿಯ ಮೈ ತಿರುಚಿಕೊಂಡಾಗ ಸೀಳದೆ ಜೊತೆಗೆ ಬಾಗುತ್ತದೆ, ಹರಿದರೆ ತೇಪೆ ಹಾಕಬಹುದು. ಹೊಸ ಬಟ್ಟೆಯ ಗಂಜಿ ಹೋಗುವಂತೆ ಬಿಸಿನೀರಿನಲ್ಲಿ ತೊಳೆದು ಇಸ್ತ್ರಿ ಹಾಕಬೇಕು, ಗಂಜಿ ಇದ್ದರೆ ಅಂಟು ಎಳೆಯೊಳಗೆ ಇಳಿಯುವುದಿಲ್ಲ. ಅಂಟಿಗೆ ಹತ್ತರಲ್ಲೊಂದು ಪಾಲು ನೀರು ಸೇರಿಸಿ ಫೋಮ್‌ಗೂ ಬಟ್ಟೆಯ ಮೇಲ್ಮೈಗೂ ಹಚ್ಚಿ. 5–6 ಕಿಲೋ ಬೇಕಾದೀತು. ಫೋಮ್ ನೀರು ಹೀರುವುದಿಲ್ಲ, ಹಾಗಾಗಿ ಅಂಟಿನ ನೀರೆಲ್ಲ ಬಟ್ಟೆಯ ಮೂಲಕವೇ ಆರಬೇಕು. ಜುಲೈಯಲ್ಲಿ ಅದು ಆರುವುದರೊಳಗೆ ಬೂಸ್ಟು ಬರುತ್ತದೆ. ಮೇಲೆ ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ ಅಥವಾ ತಾರಸಿಗೆ ಬಳಿಯುವ ರಬ್ಬರಿನಂಥ ಬಿಳಿ ಲೇಪ, 6–8 ಲೀಟರ್. ಎಣ್ಣೆ ಬಣ್ಣ ಬೇಡ, ಬಿರುಸಾಗಿ ಒಡೆಯುತ್ತದೆ.

ಜೋಡಣೆಯ ಚಿತ್ರವನ್ನು ನೀವು ತಪ್ಪಾಗಿ ಬರೆದಿದ್ದೀರಿ. ಹಂಚು ಹೊದಿಸುವ ಕ್ರಮವೇ ಇಲ್ಲೂ: ಕೆಳಗಿನಿಂದ ಶುರು, ಮೇಲಿನ ತುಂಡು ಕೆಳಗಿನದರ ಮೇಲೆ. ಪಕ್ಕಗಳಲ್ಲಿ ಗಾಡಿಯ ಮುಂಭಾಗದ ಕಡೆಯ ತುಂಡು ಹಿಂಭಾಗದ ಕಡೆಯದರ ಮೇಲೆ ಬರಬೇಕು, ಇಲ್ಲವಾದರೆ ಓಡುವಾಗ ಗಾಳಿ ಮಳೆಯನ್ನು ಸಂದಿಗೆ ತುರುಕುತ್ತದೆ. ಕ್ಯಾನ್ವಾಸಿನ ಕೆಳ ಅಂಚು ಬತ್ತಿಯ ಹಾಗೆ ನೀರೆಳೆದುಕೊಂಡು ಅಲ್ಲಿಂದಲೇ ಅಂಟು ಬಿಡಲು ಶುರುವಾಗುತ್ತದೆ. ನೆಲದಡಿಗೆ ಮಡಚಿ ಅಂಚಿಗೆ ಎಪಾಕ್ಸಿ ಸವರಬೇಕು. ಚಾವಣಿ ಚಪ್ಪಟೆ ಇರಕೂಡದು, ನಾಲ್ಕಡಿ ಅಗಲಕ್ಕೆ ನಡುವೆ 30 ಮಿ.ಮೀ. ಆದರೂ ಏರು ಬೇಕು. ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ, ಕಿಟಕಿ ಸುತ್ತ ಬ್ಯುಟೈಲ್ ಪಟ್ಟಿ ಅಥವಾ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹೇಳಿ. ಸ್ಕ್ರೂ ಬರುವಲ್ಲಿ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೆ ಸಣ್ಣ ತೂತು ಮಾಡಬೇಕು. ನೀರು ಹೊಕ್ಕರೆ ಫೋಮ್ ಕೊಳೆಯದು, ಒಳಗಿನ ಮರದ ಪಟ್ಟಿ ಕೊಳೆಯುತ್ತದೆ.

ಕೊನೆಗೆ ನೀವು ‘ಅವರವರ ಇಷ್ಟದಂತೆ ಆರಿಸಿಕೊಳ್ಳಬಹುದು’ ಎಂದು ಮುಗಿಸಿದ್ದೀರಿ. ಓದುಗರು ಕೇಳುತ್ತಿರುವುದೇ ನಿಮ್ಮ ತೀರ್ಮಾನವನ್ನು, ಅದನ್ನು ಬರೆಯಿರಿ. ನಮ್ಮ ಅಭಿಪ್ರಾಯ ಇಷ್ಟು: ಶಿರಸಿಯ ಕಡೆ ಕೊಟ್ಟಿಗೆಯಲ್ಲೋ ಮಾಡಿನ ಕೆಳಗೋ ಮಳೆಗಾಲ ಕಳೆಯುವ ಗಾಡಿಗೆ ಕ್ಯಾನ್ವಾಸ್ ಸಾಕು. ಕಾರವಾರ, ಅಂಕೋಲಾ, ಹೊನ್ನಾವರಗಳಲ್ಲಿ ಬಯಲಿನಲ್ಲೇ ನಿಲ್ಲುವುದಾದರೆ ಗಾಜಿನ ಬಟ್ಟೆ, ಎಪಾಕ್ಸಿ. ಚಾವಣಿಗೂ ಮುಂಭಾಗಕ್ಕೂ ಎರಡು ಪದರ. ನೀವು ಒಪ್ಪದಿದ್ದರೆ ಕಾರಣ ಕೊಟ್ಟು ಬೇರೆ ಬರೆಯಿರಿ, ಹಾಕುತ್ತೇವೆ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ನೋಂದಣಿ ಬೇಕು. ಚಾಸಿ ಬೆಸುಗೆಗೆ ಕೊಡುವ ಮೊದಲೇ ಕಾರವಾರದ್ದೋ ಶಿರಸಿಯದ್ದೋ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಎಂಬ ಒಂದು ಸಾಲು ಪೀಠಿಕೆಯಲ್ಲೇ ಇರಲಿ.

ತಿದ್ದಿದ ಪ್ರತಿಯ ಜೊತೆಗೆ ಒಂದು ಫೋಟೋ ಬೇಕು: ಒಂದೇ ಫೋಮ್ ತುಂಡಿನ ಎಡಕ್ಕೆ ಪಾಲಿಯೆಸ್ಟರ್ ಒಂದು ಚಮಚ, ಬಲಕ್ಕೆ ಎಪಾಕ್ಸಿ ಒಂದು ಚಮಚ, ಒಂದು ದಿನದ ನಂತರ ತೆಗೆದದ್ದು. ತುಂಡನ್ನು ಅಡ್ಡಕ್ಕೆ ಕೊಯ್ದು, ಒಳಗಿನ ಕುಳಿ ಕಾಣುವಂತೆ ಹಗಲು ಬೆಳಕಿನಲ್ಲಿ ತೆಗೆಯಿರಿ.